ಕುಂದಾಪುರ ಸೀಮೆಯ ಸಸ್ಯಪ್ರಧಾನ ಆಹಾರ ಮತ್ತು ದೀರ್ಘಕಾಲಿಕ ಮೂತ್ರಪಿಂಡ ವ್ಯಾಧಿ: ಒಂದು ಜಾನಪದೀಯ ವಿವೇಚನೆ

ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ, ಪಶ್ಚಿಮ ಘಟ್ಟಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ ಹಬ್ಬಿರುವ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳು ಆಡಳಿತದ ದೃಷ್ಟಿಯಿಂದ ಮೂರಾದರೂ ಆಹಾರ ಸಂಸ್ಕೃತಿಯ ದೃಷ್ಟಿಯಿಂದ ಬಹುಮಟ್ಟಿಗೆ ಒಂದೇ ಸೀಮೆ. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ ಜಿಲ್ಲೆ ರೂಪುಗೊಂಡಿತು. 2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾದವು. ಶಿರೂರಿನಿಂದ ಬಾರ್ಕೂರಿನವರೆಗೆ ಕುಂದಾಪುರ ಕನ್ನಡವೂ, ಬ್ರಹ್ಮಾವರದ ಆಸುಪಾಸಿನಲ್ಲಿ ಅದರೊಡನೆ ತುಳುವೂ ಬಳಕೆಯಲ್ಲಿವೆ. ಬಂಟ, ಬಿಲ್ಲವ, ಮೊಗವೀರ, ಖಾರ್ವಿ, ಕುಡುಬಿ, ಕೊರಗ, ಕೋಟ ಹಾಗೂ ಶಿವಳ್ಳಿ ಬ್ರಾಹ್ಮಣ, ಕ್ರೈಸ್ತ, ಮುಸ್ಲಿಂ ಮೊದಲಾದ ಸಮುದಾಯಗಳು ಇಲ್ಲಿ ಒಂದೇ ಮಳೆ, ಒಂದೇ ಮಣ್ಣನ್ನು ಹಂಚಿಕೊಂಡು ಬದುಕಿವೆ.

ಈ ಸೀಮೆಯ ಬಹುಸಂಖ್ಯಾತರು ಸಸ್ಯಾಹಾರಿಗಳಲ್ಲ. ಮೀನು ಇಲ್ಲಿನ ಊಟದ ಜೀವಾಳ. ಆದರೆ ಮೀನು ತಟ್ಟೆಯ ಒಂದು ಬದಿಯನ್ನು ಮಾತ್ರ ತುಂಬುತ್ತಿತ್ತು. ಹೊಟ್ಟೆ ತುಂಬಿಸುತ್ತಿದ್ದುದು ಕುಚ್ಚಲಕ್ಕಿಯ ಗಂಜಿ, ಕೆಸು, ಬಸಳೆ, ಹರಿವೆ, ಹಲಸು, ಹುರುಳಿ ಮತ್ತು ತೆಂಗು. ಆದುದರಿಂದ ಜಾತಿಸೂಚಕವಾದ ‘ಸಸ್ಯಾಹಾರ’ ಎಂಬ ಪದಕ್ಕಿಂತ ‘ಸಸ್ಯಪ್ರಧಾನ ಆಹಾರ’ ಎಂಬ ಪದವೇ ಇಲ್ಲಿನ ವಾಸ್ತವಕ್ಕೆ ಹೆಚ್ಚು ಹತ್ತಿರವಾದುದು. ದೀರ್ಘಕಾಲಿಕ ಮೂತ್ರಪಿಂಡ ವ್ಯಾಧಿಯುಳ್ಳವರಿಗೂ ಸಸ್ಯಪ್ರಧಾನ ಆಹಾರ ಹಿತಕರವೆಂಬ ಅಭಿಪ್ರಾಯ ಇತ್ತೀಚಿನ ವರ್ಷಗಳಲ್ಲಿ ವೈದ್ಯಕೀಯ ವಲಯದಲ್ಲಿ ಬಲಗೊಂಡಿದೆ. ಇದೇ ಅವಧಿಯಲ್ಲಿ ‘ಕಿಡ್ನಿಗೆ ಒಳ್ಳೆಯದು’ ಎಂಬ ಹೆಸರಿನಲ್ಲಿ ಹಿತ್ತಲಿನ ಗಿಡಮೂಲಿಕೆಗಳ ರಸಸೇವನೆಯೂ ವ್ಯಾಪಕವಾಗಿದೆ. ಇವೆರಡೂ ಒಂದೇ ಎಂದು ಭಾವಿಸುವುದು ಅಪಾಯಕರ. ಅದು ಏಕೆಂಬುದನ್ನು ಆಹಾರ ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೋಗನಾಮಗಳು ಮತ್ತು ‘ಕಿಡ್ನಿ’ ಎಂಬ ಪದ

ಜನಪದ ವೈದ್ಯವು ರೋಗವನ್ನು ಅಂಗದ ಹೆಸರಿನಿಂದ ಗುರುತಿಸುವುದಕ್ಕಿಂತ ಲಕ್ಷಣದಿಂದ ಗುರುತಿಸುವುದೇ ಹೆಚ್ಚು. ಮೂತ್ರಕ್ಕೆ ಸಂಬಂಧಿಸಿದಂತೆ ಮುಖ್ಯವಾಗಿ ಮೂರು ವರ್ಗಗಳು ಕಂಡುಬರುತ್ತವೆ. ಮೊದಲನೆಯದು ಉರಿಮೂತ್ರ. ಇದನ್ನು ದೇಹದ ‘ಉಷ್ಣ’ಕ್ಕೆ ಆರೋಪಿಸಿ ಬೊಂಡ (ಎಳನೀರು), ಕೊತ್ತಂಬರಿ-ಜೀರಿಗೆಯ ಕಷಾಯ, ಲಾವಂಚದ ನೀರು, ಹೆಸರುಕಾಳಿನ ಪಾನಕ ಮುಂತಾದ ತಂಪು ಪದಾರ್ಥಗಳನ್ನು ನೀಡಲಾಗುತ್ತದೆ. ಎರಡನೆಯದು ಕಲ್ಲು. ಇದಕ್ಕೆ ಹುರುಳಿಯ ಕಷಾಯ, ಬಾಳೆದಿಂಡು, ಕಾಡುಬಸಳೆ, ನೆಲನೆಲ್ಲಿ ಮೊದಲಾದವು. ಮೂರನೆಯದು ಬಾವು, ಅಂದರೆ ಮುಖ ಮತ್ತು ಕಾಲು ಊದಿಕೊಳ್ಳುವುದು. ಇದಕ್ಕೆ ಪುನರ್ನವೆಯಂತಹ ಮೂಲಿಕೆಗಳ ಬಳಕೆಯುಂಟು. ಆಯುರ್ವೇದ ಸಂಹಿತೆಗಳೂ ಮೂತ್ರಕೃಚ್ಛ್ರ, ಅಶ್ಮರಿ, ಶೋಥಗಳನ್ನು ಬೇರೆ ಬೇರೆಯಾಗಿಯೇ ನಿರೂಪಿಸುತ್ತವೆ.

ದೀರ್ಘಕಾಲಿಕ ಮೂತ್ರಪಿಂಡ ವ್ಯಾಧಿಯು ಈ ಮೂರರಲ್ಲಿ ಯಾವುದರ ಪರ್ಯಾಯ ನಾಮವೂ ಅಲ್ಲ. ಮೂತ್ರಪಿಂಡಗಳ ರಚನೆ ಅಥವಾ ಕಾರ್ಯದಲ್ಲಿ ಮೂರು ತಿಂಗಳಿಗೂ ಮೀರಿ ಉಳಿಯುವ ದೋಷವನ್ನು ವೈದ್ಯಶಾಸ್ತ್ರ ಈ ಹೆಸರಿನಿಂದ ಕರೆಯುತ್ತದೆ. ಮಧುಮೇಹ ಮತ್ತು ಅಧಿಕ ರಕ್ತದೊತ್ತಡ ಇದರ ಪ್ರಮುಖ ಕಾರಣಗಳು. ಸೋಸುವ ಸಾಮರ್ಥ್ಯದ ಆಧಾರದ ಮೇಲೆ ಇದನ್ನು ಐದು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲ ಹಂತಗಳಲ್ಲಿ ಉರಿಯಿಲ್ಲ, ನೋವಿಲ್ಲ, ಎಷ್ಟೋ ವೇಳೆ ಬಾವೂ ಇಲ್ಲ. ರಕ್ತ ಮತ್ತು ಮೂತ್ರದ ಪರೀಕ್ಷೆಯಿಲ್ಲದೆ ಅದು ತಿಳಿಯುವುದೇ ಇಲ್ಲ. ಲಕ್ಷಣವನ್ನೇ ಆಧರಿಸಿದ ಜನಪದ ವರ್ಗೀಕರಣದಲ್ಲಿ ಲಕ್ಷಣವಿಲ್ಲದ ರೋಗಕ್ಕೆ ಹೆಸರು ಇಲ್ಲದಿರುವುದು ಸಹಜ. ಇದು ಆ ಪರಂಪರೆಯ ಅಜ್ಞಾನವಲ್ಲ, ಅದರ ಎಲ್ಲೆ.

ತೊಡಕು ಆರಂಭವಾದುದು ‘ಕಿಡ್ನಿ’ ಎಂಬ ಪದ ಮನೆಮಾತಾದ ಮೇಲೆ. ಉರಿಮೂತ್ರ, ಕಲ್ಲು, ಬಾವು ಎಂದು ಪ್ರತ್ಯೇಕವಾಗಿದ್ದ ವರ್ಗಗಳನ್ನು ಈ ಒಂದು ಪದ ನುಂಗಿಕೊಂಡಿತು. ಅದರೊಂದಿಗೆ ಒಂದೊಂದು ವರ್ಗಕ್ಕೂ ನಿಗದಿಯಾಗಿದ್ದ ಮದ್ದುಗಳೆಲ್ಲ ‘ಕಿಡ್ನಿಯ ಮದ್ದು’ಗಳಾದವು. ಕಲ್ಲಿಗೆ ಹೇಳಿದ ಬಾಳೆದಿಂಡಿನ ರಸ, ಉಷ್ಣಕ್ಕೆ ಹೇಳಿದ ಬೊಂಡ ಇವು ಸೋಸುವ ಶಕ್ತಿಯನ್ನೇ ಕಳೆದುಕೊಂಡ ಮೂತ್ರಪಿಂಡಕ್ಕೂ ಅನ್ವಯವಾಗತೊಡಗಿದವು. ಮೂತ್ರಪಿಂಡ ಆರೋಗ್ಯವಾಗಿರುವವನಲ್ಲಿ ಹೆಚ್ಚುವರಿ ಪೊಟ್ಯಾಸಿಯಂ ಮೂತ್ರದ ಮೂಲಕ ಹೊರಹೋಗುತ್ತದೆ. ವ್ಯಾಧಿ ಬಲಿತವನಲ್ಲಿ ಅದು ರಕ್ತದಲ್ಲಿಯೇ ಉಳಿದು ಹೃದಯದ ಬಡಿತವನ್ನು ಕೆಡಿಸಬಲ್ಲದು. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ಬೊಂಡದಲ್ಲಿ 300 ಮಿಲಿಲೀಟರ್ ನೀರಿದ್ದರೆ ಅದು 750 ಮಿಲಿಗ್ರಾಂ ಆಗುತ್ತದೆ. ಗದ್ದೆ ಕೆಲಸದಿಂದ ಬಳಲಿ ಬಂದವನಿಗೆ ಇದು ಅಮೃತ. ರಕ್ತದ ಪೊಟ್ಯಾಸಿಯಂ ಈಗಾಗಲೇ ಏರಿರುವ ರೋಗಿಗೆ ಇದೇ ಬೊಂಡ ಪ್ರಾಣಾಂತಿಕವಾಗುವ ಸಂಭವವಿದೆ.

ಸಸ್ಯಪ್ರಧಾನ ಆಹಾರ: ವೈದ್ಯಶಾಸ್ತ್ರದ ಈಚಿನ ನಿಲುವು

ಬಹುಕಾಲ ಮೂತ್ರಪಿಂಡದ ರೋಗಿಗಳಿಗೆ ಹಣ್ಣು, ತರಕಾರಿ, ಕಾಳುಗಳನ್ನು ಸಾರಾಸಗಟಾಗಿ ನಿಷೇಧಿಸುವ ರೂಢಿಯಿತ್ತು. ಈ ನಿಲುವು ಈಗ ಸಡಿಲಗೊಂಡಿದೆ. ಅಂತರರಾಷ್ಟ್ರೀಯ ಮೂತ್ರಪಿಂಡ ವೈದ್ಯಕೀಯ ಸಂಸ್ಥೆಯಾದ ಕೆಡಿಗೋ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಪ್ರಾಣಿಜನ್ಯ ಆಹಾರಕ್ಕಿಂತ ಸಸ್ಯಜನ್ಯ ಆಹಾರ ಹೆಚ್ಚಿರುವ, ಅತಿಯಾಗಿ ಸಂಸ್ಕರಿಸಿದ ಪದಾರ್ಥಗಳು ಕಡಿಮೆಯಿರುವ ವೈವಿಧ್ಯಮಯ ಆಹಾರವನ್ನು ಸೂಚಿಸುತ್ತದೆ. ಮೂರರಿಂದ ಐದನೆಯ ಹಂತದ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.8 ಗ್ರಾಂ ಪ್ರೋಟೀನು ಸಾಕೆಂದೂ, ವ್ಯಾಧಿ ಮುಂದುವರಿಯುವ ಅಪಾಯವಿರುವವರು 1.3 ಗ್ರಾಂ ಮೀರಬಾರದೆಂದೂ ಅದು ಹೇಳುತ್ತದೆ.

ಇದರ ಹಿಂದಿನ ಕಾರಣಗಳು ಮೂರು. ಸಸ್ಯಗಳಲ್ಲಿನ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿರುವುದರಿಂದ ಮನುಷ್ಯನ ಕರುಳು ಅದರ ಅರ್ಧಕ್ಕಿಂತ ಕಡಿಮೆ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ತಯಾರಾದ ತಿಂಡಿ ಮತ್ತು ಪಾನೀಯಗಳಿಗೆ ಬೆರೆಸುವ ಫಾಸ್ಫೇಟ್ ಲವಣಗಳಾದರೋ ಬಹುತೇಕ ಪೂರ್ಣವಾಗಿ ರಕ್ತಕ್ಕೆ ಸೇರುತ್ತವೆ. ಎರಡನೆಯದಾಗಿ, ಸೊಪ್ಪು-ತರಕಾರಿಗಳು ದೇಹದ ಆಮ್ಲಭಾರವನ್ನು ಇಳಿಸುತ್ತವೆ. ಮೂರನೆಯದಾಗಿ, ನಾರಿನಂಶ ಮಲಬದ್ಧತೆಯನ್ನು ತಡೆಯುತ್ತದೆ. ವ್ಯಾಧಿ ಬಲಿತಂತೆ ಪೊಟ್ಯಾಸಿಯಂನ ಸ್ವಲ್ಪ ಭಾಗ ಮಲದ ಮೂಲಕವೂ ಹೊರಹೋಗಬೇಕಾಗಿರುವುದರಿಂದ ಇದು ಮುಖ್ಯ. ಆದರೆ ಈ ಮಾರ್ಗಸೂಚಿ ಹೇಳುವುದು ಊಟದ ಒಟ್ಟು ಕ್ರಮವನ್ನೇ ಹೊರತು ಯಾವುದೋ ಒಂದು ಗಿಡದ ರಸವನ್ನಲ್ಲ. ‘ಫೋಕ್ ಕುಕರಿ’ ಎಂಬ ತನ್ನ 1972ರ ಪ್ರಬಂಧದಲ್ಲಿ ಡಾನ್ ಯೋಡರ್ ಆಹಾರವನ್ನು ಬಿಡಿ ಪದಾರ್ಥವಾಗಿ ನೋಡದೆ ಅದನ್ನು ಸಿದ್ಧಪಡಿಸುವ, ಉಣ್ಣುವ, ಹಂಚುವ ವ್ಯವಸ್ಥೆಯಾಗಿ ನೋಡಬೇಕೆಂದುದು ಇಲ್ಲಿ ಬೇರೊಂದು ದಾರಿಯಿಂದ ಸಮರ್ಥನೆ ಪಡೆಯುತ್ತದೆ.

ಗಂಜಿ ಮತ್ತು ತೆಳಿ

ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿ ಈ ಸೀಮೆಯ ಮುಖ್ಯ ಧಾನ್ಯ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕರಾವಳಿಯ ಭತ್ತದ ತಳಿಗಳ ಅಭಿವೃದ್ಧಿ ಕಾರ್ಯ ನಡೆದುಬಂದಿದೆ. ಅಕ್ಕಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ, ನೀರಿನೊಂದಿಗೆ ಉಂಡರೆ ಗಂಜಿ. ನೀರು ಬಸಿದರೆ ಅನ್ನ. ಬಸಿದ ನೀರೇ ತೆಳಿ. ಜ್ವರದಿಂದ ಎದ್ದವನಿಗೆ ತೆಳಿ, ಆಮೇಲೆ ಗಂಜಿ, ಕೊನೆಗೆ ಅನ್ನ ಎಂಬ ಕ್ರಮ ಇಲ್ಲಿನ ಪಥ್ಯದ ಮೂಲ ವ್ಯಾಕರಣ.

ಮೂತ್ರಪಿಂಡದ ದೃಷ್ಟಿಯಿಂದ ಗಂಜಿಗೆ ಕೆಲವು ಅನುಕೂಲಗಳಿವೆ. ಬೇಳೆಕಾಳುಗಳಿಗೆ ಹೋಲಿಸಿದರೆ ಅನ್ನದಲ್ಲಿ ಪೊಟ್ಯಾಸಿಯಂ ತೀರ ಕಡಿಮೆ. ನೂರು ಗ್ರಾಂ ಅನ್ನದಲ್ಲಿ ಪ್ರೋಟೀನು ಸುಮಾರು ಎರಡೂವರೆ ಗ್ರಾಂ ಮಾತ್ರ. ಪ್ರೋಟೀನನ್ನು ಮಿತಗೊಳಿಸಬೇಕಾದ ಹಂತದಲ್ಲಿ ಇದು ಶಕ್ತಿಯನ್ನು ಒದಗಿಸುವ ಸೌಮ್ಯ ಆಹಾರ. ಆದರೆ ಮೂತ್ರದ ಪ್ರಮಾಣ ಕುಗ್ಗಿ, ವೈದ್ಯರು ದ್ರವಸೇವನೆಗೆ ಮಿತಿ ಹಾಕಿದ ರೋಗಿಗೆ ಗಂಜಿಯ ನೀರೂ ನೀರೇ. ‘ನೀರು ಕುಡಿಯಲಿಲ್ಲ, ಗಂಜಿ ಮಾತ್ರ ಉಂಡದ್ದು’ ಎಂಬ ಮಾತಿನಲ್ಲಿ ದ್ರವದ ಲೆಕ್ಕ ತಪ್ಪುತ್ತದೆ. ಅಂಥವರಿಗೆ ಬಸಿದ ಅನ್ನವೇ ಸೂಕ್ತ. ಒಂದೇ ಪಾತ್ರೆಯಲ್ಲಿ ಬೆಂದ ಅಕ್ಕಿಯು ನೀರು ಬಸಿದುದು, ಬಸಿಯದೆ ಉಳಿದುದು ಎಂಬ ವ್ಯತ್ಯಾಸದಿಂದಲೇ ಪಥ್ಯವೋ ಅಪಥ್ಯವೋ ಆಗುತ್ತದೆ.

ನೀರಿಗೆ ಬಿಡುವ ಕ್ರಮ

ಈ ಸೀಮೆಯ ಅಡುಗೆಮನೆಯಲ್ಲಿ ತರಕಾರಿಯನ್ನು ನೀರಿಗೆ ಬಿಡುವ ಅನೇಕ ಕ್ರಮಗಳಿವೆ. ಹೆಚ್ಚಿದ ಬಾಳೆಕಾಯಿಯನ್ನು ಒಗರು ಹೋಗಲೆಂದು ನೀರಿಗೆ ಹಾಕುತ್ತಾರೆ. ಬಾಳೆಕುಂಡಿಗೆಯನ್ನು ಮಜ್ಜಿಗೆ ಬೆರೆಸಿದ ನೀರಿನಲ್ಲಿ ಇಡುತ್ತಾರೆ. ಕಳಲೆಯನ್ನು ಎರಡು ಮೂರು ದಿನ ನೀರು ಬದಲಾಯಿಸುತ್ತ ನೆನೆಸಿ ಅದರ ನಂಜನ್ನು ತೆಗೆಯುತ್ತಾರೆ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಅಡುಗೆಗೆ ಮುನ್ನ ನೆನೆಸಿ ಹಿಂಡಿ ಉಪ್ಪು ಬಿಡಿಸುತ್ತಾರೆ. ಒಗರು, ಕಹಿ, ನಂಜು, ಉಪ್ಪು ಎಂದು ಕಾರಣಗಳು ಬೇರೆಯಾದರೂ ತತ್ತ್ವ ಒಂದೇ. ನೀರು ಒಯ್ಯಬಲ್ಲುದನ್ನು ನೀರಿಗೆ ಕೊಟ್ಟು, ಆ ನೀರನ್ನು ಚೆಲ್ಲುವುದು.

ಪೊಟ್ಯಾಸಿಯಂ ತಗ್ಗಿಸಲು ಆಹಾರ ತಜ್ಞರು ರೋಗಿಗಳಿಗೆ ಹೇಳಿಕೊಡುವ ವಿಧಾನವೂ ಇದೇ ಜಾತಿಯದು. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದಲ್ಲಿ ಆಲೂಗಡ್ಡೆಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತುಂಡುಗಳನ್ನು ಬರಿದೆ ನೆನೆಸಿಟ್ಟಾಗ ಪೊಟ್ಯಾಸಿಯಂ ಗಣನೀಯವಾಗಿ ಇಳಿಯಲಿಲ್ಲ. ಸಣ್ಣ ತುಂಡುಗಳನ್ನು ನೀರಿನಲ್ಲಿ ಕುದಿಸಿದಾಗ ಸುಮಾರು ಅರ್ಧದಷ್ಟು, ತುರಿದು ಕುದಿಸಿದಾಗ ಸುಮಾರು ಮುಕ್ಕಾಲು ಪಾಲು ಇಳಿಯಿತು. ಅಂದರೆ ಒಗರು ತೆಗೆಯಲು ಸಾಕಾಗುವ ನೆನೆಸುವಿಕೆ ಪೊಟ್ಯಾಸಿಯಂ ತೆಗೆಯಲು ಸಾಲದು. ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿಯಬೇಕು. ಪರಂಪರೆಯ ಕೈಗೆ ರೂಢಿಯಾಗಿರುವ ಕ್ರಿಯೆಯನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಅದು ಹೊಸ ಉದ್ದೇಶಕ್ಕೆ ಒದಗುತ್ತದೆ.

ಬಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಕಂಬಳದ ಕೋಣಗಳನ್ನು ಸಾಕುವ ಮನೆಗಳಲ್ಲಿ ಬೇಯಿಸಿದ ಹುರುಳಿ ಕೋಣಗಳಿಗೂ, ಹುರುಳಿ ಬೆಂದ ನೀರು ಮನುಷ್ಯರ ಸಾರಿಗೂ ಸಲ್ಲುವ ರೂಢಿಯುಂಟು. ಇಲ್ಲಿ ಕಾಳಿನಿಂದ ಇಳಿದ ಪೊಟ್ಯಾಸಿಯಂ ಸಾರಿನ ಬಟ್ಟಲನ್ನೇ ಸೇರುತ್ತದೆ. ಬಯಲುಸೀಮೆಯ ಬಸ್ಸಾರಿಗೂ ಇದೇ ಮಾತು ಅನ್ವಯಿಸುತ್ತದೆ. ಆರೋಗ್ಯವಂತರಿಗೆ ಪುಷ್ಟಿಕರವಾದ ಈ ಸಾರುಗಳು ಪೊಟ್ಯಾಸಿಯಂ ಏರಿದವರಿಗೆ ಹೊಂದುವುದಿಲ್ಲ. ಅಂಥವರು ಕಾಳನ್ನು ಉಂಡು ನೀರನ್ನು ಬಿಡಬೇಕು.

ಕೆಸು, ಬಸಳೆ, ಹರಿವೆಗಳಲ್ಲಿ ಆಕ್ಸಲೇಟ್ ಹೆಚ್ಚು. ಕೆಸುವಿನ ತುರಿಕೆಗೆ ಸೂಜಿಯಾಕಾರದ ಆಕ್ಸಲೇಟ್ ಹರಳುಗಳೇ ಕಾರಣ. ಪತ್ರೊಡೆಗೆ ಹುಳಿ ಸೇರಿಸುವುದು ಈ ತುರಿಕೆಯನ್ನು ಅಡಗಿಸಲೆಂಬುದು ಗೃಹಿಣಿಯರ ಅನುಭವಜ್ಞಾನ. ಒಂದೆಲಗ, ಸಾಂಬ್ರಾಣಿ (ದೊಡ್ಡಪತ್ರೆ) ಮೊದಲಾದ ಕುಡಿಗಳ ತಂಬುಳಿಯನ್ನು ಮಜ್ಜಿಗೆಯೊಡನೆ ಮಾಡುವುದೂ ಗಮನಾರ್ಹ. ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ತಂಬುಳಿಗೆ ಬೇಕಾಗುವುದು ಒಂದು ಹಿಡಿ ಕುಡಿ ಮಾತ್ರ ಎಂಬುದನ್ನೂ ಮರೆಯಬಾರದು.

ಉಪ್ಪು

ಆಸಾಡಿಯ ಬಿರುಮಳೆಯಲ್ಲಿ ಕಡಲಿಗೆ ದೋಣಿ ಇಳಿಯದು, ಹಿತ್ತಲಲ್ಲಿ ತರಕಾರಿ ಉಳಿಯದು. ಈ ಕೊರತೆಯನ್ನು ತುಂಬಿದುದು ಬೇಸಿಗೆಯಲ್ಲಿ ಕೂಡಿಟ್ಟ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ, ಉಪ್ಪುನೀರಿನ ಮಾವಿನಕಾಯಿ ಮತ್ತು ಒಣಮೀನು. ಬಡತನದ ದಿನಗಳಲ್ಲಿ ಗಂಜಿಗೆ ಉಪ್ಪಿನಕಾಯಿಯ ರಸವೊಂದೇ ಸಂಗಾತಿ. ಹೀಗೆ ಈ ಸೀಮೆಯ ಸಸ್ಯಪ್ರಧಾನ ಆಹಾರವು ಬೇರೆಲ್ಲ ದೃಷ್ಟಿಯಿಂದ ಹಗುರವಾದರೂ ಉಪ್ಪಿನ ವಿಷಯದಲ್ಲಿ ಭಾರವೇ. ವಯಸ್ಕರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ, ರಕ್ತದೊತ್ತಡ ಮೂತ್ರಪಿಂಡವನ್ನು ಸವೆಸುತ್ತದೆ. ಮೀನು ಬಿಟ್ಟು ಉಪ್ಪಿನಕಾಯಿ-ಹಪ್ಪಳಗಳನ್ನು ಹೆಚ್ಚಿಸಿಕೊಂಡವನು ಸಸ್ಯಾಹಾರಿಯಾದನೆಂಬುದು ನಿಜ. ಆದರೆ ಅವನ ಮೂತ್ರಪಿಂಡಕ್ಕೆ ಅದರಿಂದ ಲಾಭವಿಲ್ಲ.

ಪಥ್ಯಕ್ಕೆ ಸೈಂಧವ ಲವಣ ಆಗುತ್ತದೆಂಬ ನಂಬಿಕೆಯೂ ಬಲವಾಗಿದೆ. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅಂಗಡಿಯಲ್ಲಿ ದೊರೆಯುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಾದರೆ ಸೋಡಿಯಂನ ಒಂದು ಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂತಹ ಉಪ್ಪಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ ಮೂತ್ರಪಿಂಡದ ದೋಷವುಳ್ಳವರನ್ನು ಅದರಿಂದ ಹೊರಗಿಟ್ಟಿದೆ. ಉಪ್ಪು ತಗ್ಗಿಸಲು ಈ ಸೀಮೆಯಲ್ಲಿಯೇ ಇರುವ ದಾರಿಯೆಂದರೆ ಹುಳಿ ಮತ್ತು ಒಗ್ಗರಣೆ. ಲಿಂಬೆ, ಮುರುಗಲು, ಶುಂಠಿ, ಮೆಣಸು, ಕರಿಬೇವು ಇವು ಉಪ್ಪಿನ ಕೊರತೆಯನ್ನು ನಾಲಗೆಗೆ ಮರೆಸಬಲ್ಲವು.

ಅಡುಗೆಯಿಂದ ರಸಕ್ಕೆ

ಲೆವಿಸ್ಟ್ರಾಸ್ 1964ರ ತನ್ನ ಗ್ರಂಥದಲ್ಲಿ ಹಸಿ ಮತ್ತು ಬೇಯಿಸಿದ ಆಹಾರಗಳ ವೈದೃಶ್ಯವನ್ನು ಪ್ರಕೃತಿ ಮತ್ತು ಸಂಸ್ಕೃತಿಗಳ ವೈದೃಶ್ಯವಾಗಿ ಕಂಡನು. ಕುಂದಾಪುರ ಸೀಮೆಯ ಸಂದರ್ಭದಲ್ಲಿ ಈ ವೈದೃಶ್ಯಕ್ಕೆ ಪ್ರಾಣದ ಪ್ರಶ್ನೆಯೂ ಅಂಟಿಕೊಂಡಿದೆ.

ಹಿತ್ತಲಿನ ಬಿಂಬುಳಿಯನ್ನು ಗಮನಿಸಬಹುದು. ಮೀನಿನ ಸಾರಿಗೆ, ಚಟ್ನಿಗೆ, ಉಪ್ಪಿನಕಾಯಿಗೆ ಹುಳಿಯಾಗಿ ನಾಲ್ಕಾರು ಕಾಯಿ ಬಿದ್ದರೆ ಅದು ಇಡೀ ಮನೆಯವರಿಗೆ ಹಂಚಿಹೋಗುತ್ತದೆ. ಆದರೆ ಕೇರಳದಲ್ಲಿ ಇದೇ ಕಾಯಿಯ ರಸವನ್ನು ರಕ್ತದ ಕೊಬ್ಬು ಇಳಿಸಲೆಂದು ಕುಡಿದು, ಆಕ್ಸಲೇಟ್ ಹರಳುಗಟ್ಟಿ ಮೂತ್ರಪಿಂಡ ವೈಫಲ್ಯಕ್ಕೆ ಒಳಗಾದ ಹತ್ತು ಮಂದಿಯ ವಿವರ 2013ರಲ್ಲಿ ಭಾರತೀಯ ಮೂತ್ರಪಿಂಡ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಅಗತ್ಯವಾಯಿತು. ಬಿಂಬುಳಿಯ ಸೋದರ ಸಸ್ಯವಾದ ಧಾರೆಹುಳಿಯ ವಿಷಯ ಇನ್ನೂ ಗಂಭೀರ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್ ದೇಶದ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಮೂತ್ರಪಿಂಡ ಸೋತವರಲ್ಲಿ ಅದು ಹೊರಹೋಗದೆ ಬಿಡದ ಬಿಕ್ಕಳಿಕೆ, ಚಿತ್ತಭ್ರಮೆ, ಅಪಸ್ಮಾರ, ಕೆಲವೊಮ್ಮೆ ಮರಣವನ್ನೂ ತರುತ್ತದೆ. ಈ ರೋಗಿಗಳು ಧಾರೆಹುಳಿಯನ್ನು ಪೂರ್ಣವಾಗಿ ವರ್ಜಿಸಬೇಕು.

ಬಾಳೆದಿಂಡಿನ ಕಥೆಯೂ ಬೋಧಪ್ರದ. ಊಟದೊಡನೆ ಹೊಟ್ಟೆ ಸೇರಿದ ಕೂದಲು, ಕಲ್ಲುಗಳನ್ನು ದಿಂಡು ಕರಗಿಸುತ್ತದೆ ಅಥವಾ ಎಳೆದೊಯ್ಯುತ್ತದೆ, ಆದುದರಿಂದ ವರ್ಷಕ್ಕೊಮ್ಮೆಯಾದರೂ ಅದನ್ನು ಉಣ್ಣಬೇಕು ಎಂಬ ನಂಬಿಕೆ ಕನ್ನಡ ನಾಡಿನಲ್ಲೆಲ್ಲ ಇದೆ. ದಿಂಡಿನ ಎಳೆಗೂ ಕೂದಲಿನ ಎಳೆಗೂ ಇರುವ ಸಾದೃಶ್ಯದಿಂದ ಹುಟ್ಟಿದ ಈ ಆಶಯದಲ್ಲಿ ‘ವರ್ಷಕ್ಕೊಮ್ಮೆ’ ಎಂಬ ಅಳತೆ ಅಡಗಿದೆ. ಪಲ್ಯವಾಗಿ ವರ್ಷಕ್ಕೊಮ್ಮೆ ಉಂಡುದು ದಿನವೂ ಬರಿಹೊಟ್ಟೆಯಲ್ಲಿ ಕುಡಿಯುವ ರಸವಾದಾಗ ಗಿಡ ಅದೇ ಉಳಿದು ಅಳತೆ ಕಳಚಿಹೋಯಿತು. ರಸದ ಯಂತ್ರವು ನಾರನ್ನು ಹೊರಗೆಸೆದು, ಒಂದು ಕುಟುಂಬದ ಪಾಲನ್ನು ಒಂದು ಲೋಟಕ್ಕೆ ಇಳಿಸುತ್ತದೆ.

ಗಿಡದ್ದೆಲ್ಲ ನಿರಪಾಯಕರವೆಂಬ ನಂಬಿಕೆಗೆ ಈಶ್ವರಬೇರಿನ ಕುಲ ಇನ್ನೊಂದು ಉತ್ತರ. 1993ರಲ್ಲಿ ಬೆಲ್ಜಿಯಂನ ವೈದ್ಯರು ತೂಕ ಇಳಿಸುವ ಮೂಲಿಕೆಗಳನ್ನು ಸೇವಿಸಿದ ಮಹಿಳೆಯರಲ್ಲಿ ತೀವ್ರಗತಿಯ ಮೂತ್ರಪಿಂಡ ನಾಶವನ್ನು ವರದಿ ಮಾಡಿದರು. ಅದಕ್ಕೆ ಅರಿಸ್ಟೊಲೋಕಿಯ ಕುಲದ ಚೀನೀ ಮೂಲಿಕೆಯೊಂದರಲ್ಲಿನ ಆಮ್ಲ ಕಾರಣವೆಂದು ಮುಂದೆ ಖಚಿತವಾಯಿತು. ನಮ್ಮಲ್ಲಿ ವಿಷಹರವೆಂದು ಹೆಸರಾದ ಈಶ್ವರಿ ಬಳ್ಳಿ ಇದೇ ಕುಲಕ್ಕೆ ಸೇರಿದೆ.

ಪಥ್ಯದ ಕಾಲಮಿತಿ

ಜನಪದ ಪಥ್ಯಕ್ಕೆ ಆದಿಯೂ ಇದೆ, ಅಂತ್ಯವೂ ಇದೆ. ಮದ್ದಿನ ಪಥ್ಯ, ಬಾಣಂತನದ ಪಥ್ಯ ಇವೆಲ್ಲ ಇಷ್ಟು ದಿನವೆಂದು ನಿಗದಿಯಾದವು. ಈ ಭಾಗದ ಮಾಧ್ವ ಮನೆಗಳಲ್ಲಿ ಆಚರಿಸುವ ಚಾತುರ್ಮಾಸ್ಯವೂ ಇದಕ್ಕೆ ಉತ್ತಮ ನಿದರ್ಶನ. ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ. ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯಗಳ ವರ್ಜನೆ. ಇದರ ಉದ್ದೇಶ ಧಾರ್ಮಿಕವೇ ಹೊರತು ವೈದ್ಯಕೀಯವಲ್ಲ. ಇದನ್ನು ಪುರಾತನ ಮೂತ್ರಪಿಂಡ ಚಿಕಿತ್ಸೆಯೆಂದು ಕೊಂಡಾಡುವುದು ಶಾಸ್ತ್ರಕ್ಕೂ ಜಾನಪದಕ್ಕೂ ಮಾಡುವ ಅಪಚಾರ. ಆದರೆ ಒಂದನ್ನು ಬಿಟ್ಟಾಗ ಇನ್ನೊಂದನ್ನು ಹಿಡಿಯುವ, ಯಾವುದನ್ನೂ ಶಾಶ್ವತವಾಗಿ ಬಿಡದ ಶಿಸ್ತು ಈ ಸಮಾಜಕ್ಕೆ ಹೊಸದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮೂತ್ರಪಿಂಡದ ವ್ಯಾಧಿಯಲ್ಲಿ ಪಥ್ಯ ಜೀವನಪರ್ಯಂತದ್ದು. ಆದರೂ ಅದು ಒಂದೇ ರೀತಿ ಇರುವುದಿಲ್ಲ. ಅರುವತ್ತು ಕಿಲೋ ತೂಕದವರಿಗೆ ಡಯಾಲಿಸಿಸ್‌ಗೆ ಮುನ್ನ ದಿನಕ್ಕೆ ಸುಮಾರು 48 ಗ್ರಾಂ ಪ್ರೋಟೀನು ಸಾಕು. ಡಯಾಲಿಸಿಸ್ ಆರಂಭವಾದ ಮೇಲೆ ಪ್ರತಿ ಕಿಲೋಗೆ 1.0ರಿಂದ 1.2 ಗ್ರಾಂನಂತೆ 60ರಿಂದ 72 ಗ್ರಾಂ ಬೇಕಾಗುತ್ತದೆ. ಮೊದಲ ಹಂತದಲ್ಲಿ ಕಾಪಾಡಿದ ಗಂಜಿಯ ಪಥ್ಯವನ್ನೇ ಎರಡನೆಯ ಹಂತದಲ್ಲಿ ಮುಂದುವರಿಸಿದರೆ ದೇಹ ಸೊರಗುತ್ತದೆ. ಆಗ ಬೇಳೆಯನ್ನೋ, ಮೊಟ್ಟೆ-ಮೀನು ತಿನ್ನುವವರಾದರೆ ಅವುಗಳನ್ನೋ ಅಳತೆಯಲ್ಲಿ ಮರಳಿ ತಟ್ಟೆಗೆ ತರಬೇಕು. ದೇಶದಲ್ಲಿ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಈ ಚಿಕಿತ್ಸೆ ಬಡವರ ಮಟ್ಟಕ್ಕೂ ಇಳಿದಿದೆ. ಅದರೊಡನೆ ಊಟದ ಈ ಎರಡನೆಯ ಪಾಠವೂ ಅವರ ಅಡುಗೆಮನೆಗೆ ತಲುಪಬೇಕಾಗಿದೆ.

ಸಮಾರೋಪ

ಕುಂದಾಪುರ ಸೀಮೆಯ ಆಹಾರಜ್ಞಾನವು ‘ಯಾವ ಗಿಡ’ ಎಂಬ ಒಂದೇ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಯಾವ ಲಕ್ಷಣಕ್ಕೆ, ಯಾವ ಋತುವಿನಲ್ಲಿ, ಎಷ್ಟು, ಹೇಗೆ ಬೇಯಿಸಿ, ಯಾವುದರೊಡನೆ, ಎಷ್ಟು ದಿನ ಎಂಬ ಪ್ರಶ್ನೆಗಳೂ ಅದರೊಡನೆ ಹೆಣೆದುಕೊಂಡಿದ್ದವು. ಈ ಹೆಣಿಗೆ ಕಳಚಿ, ಗಿಡದ ಹೆಸರೂ ‘ಕಿಡ್ನಿ’ ಎಂಬ ಪದವೂ ಮಾತ್ರ ಉಳಿದಾಗ ಪರಂಪರೆಯ ಹೆಸರಿನಲ್ಲಿಯೇ ಪರಂಪರೆಗೆ ವಿರುದ್ಧವಾದುದು ನಡೆಯುತ್ತದೆ.

ಸಸ್ಯಪ್ರಧಾನ ಆಹಾರವು ಮೂತ್ರಪಿಂಡದ ರೋಗಿಗಳಿಗೆ ಹಿತಕರವಾಗಬಲ್ಲದು. ಬಸಿದ ಅನ್ನ, ಬೇಯಿಸಿ ನೀರು ಬಿಟ್ಟ ತರಕಾರಿ, ಅಳತೆಯ ಬೇಳೆ, ತಗ್ಗಿಸಿದ ಉಪ್ಪು ಇವೆಲ್ಲ ಇಲ್ಲಿನ ಅಡುಗೆಯ ಒಳಗೇ ಸಾಧ್ಯ. ಯಾವುದು ಎಷ್ಟು ಎಂಬುದನ್ನು ಆಯಾ ರೋಗಿಯ ರಕ್ತಪರೀಕ್ಷೆಯೂ ಹಂತವೂ ನಿರ್ಧರಿಸಬೇಕು. ಜಾನಪದ ಸಂಗ್ರಾಹಕರಿಗೂ ಇಲ್ಲೊಂದು ಹೊಣೆಯಿದೆ. ಮನೆಮದ್ದುಗಳನ್ನು ದಾಖಲಿಸುವಾಗ ಗಿಡದ ಹೆಸರಿನ ಮುಂದೆ ‘ಮೂತ್ರಪಿಂಡದ ತೊಂದರೆಗೆ’ ಎಂದಷ್ಟೇ ಬರೆದು ಮುಗಿಸಬಾರದು. ಹೇಳಿದವರು ಬಳಸಿದ ರೋಗನಾಮ, ಅಳತೆ, ತಯಾರಿಯ ಕ್ರಮ, ಅವಧಿಗಳನ್ನು ಹಾಗೆಯೇ ಬರೆದಿಡಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ಒತ್ತು ಬಿದ್ದಿರುವುದು ಊಟದ ಮೇಲಲ್ಲ, ಬಲ್ಲುದರ ಮೇಲೆ.